ಸಾಕ್ಷಿ ಹುಂಜ

ಒಂದು ಹುಂಜವನ್ನು ಎಲ್ಲಿ ಮಲಗಿಸಬೇಕು ಎಂಬ ಗಹನವಾದ ಪ್ರಶ್ನೆ ಆ ಬೇಸಿಗೆಯಲ್ಲಿ ದಕ್ಷಿಣ ಕೊರಿಯಾದ ನ್ಯಾಯಾಂಗದ ಮುಂದೆ ಬಂತು. ಕೋಳಿ ಅಂಕದ ಮೊಕದ್ದಮೆಯೊಂದರಲ್ಲಿ ಅದೇ ಮುಖ್ಯ ಸಾಕ್ಷಿ. ಪೊಲೀಸರು ತೆಗೆದ ಫೋಟೋದಲ್ಲಿರುವುದು ತನ್ನ ಹುಂಜವೇ ಅಲ್ಲ ಎಂದು ಆರೋಪಿ ಮಾಂಗ್ ಸಾಧಿಸಿದ್ದ. ಕಾಲಿಗೆ ಕತ್ತಿ ಕಟ್ಟಿದ ಗಾಯವನ್ನು ಕಣ್ಣಾರೆ ನೋಡಿಯೇ ತೀರ್ಪು ಕೊಡುತ್ತೇನೆಂದು ನ್ಯಾಯಾಧೀಶರು ಪಟ್ಟು ಹಿಡಿದಿದ್ದರು.

ಸರ್ಕಾರಿ ವಕೀಲ ಪ್ಯೋ ಸಾಂಗುಕ್‌ಗೆ ಇದು ನಿವೃತ್ತಿಗೆ ಮುಂಚಿನ ಕೊನೆಯ ಕೇಸು. ನಾಯಿ ಕಾದಾಡಿಸುವವರು, ಕೋಳಿ ಕಾದಾಡಿಸುವವರು, ಬೆಕ್ಕಿಗೆ ಬಿಸಿನೀರು ಎರಚುವವರು ಎಲ್ಲರನ್ನೂ ಕಟಕಟೆ ಹತ್ತಿಸಿದ ಮನುಷ್ಯ. ಒಂದು ಕೇಸನ್ನೂ ಸೋತವನಲ್ಲ. ಪ್ರತಿ ವರ್ಷ ಊರಿನ ಹೋರಿ ಕಾಳಗದಲ್ಲಿ ಮೊದಲ ಸಾಲಿನಲ್ಲಿ ಕೂತು, ಗೆದ್ದ ಹೋರಿಯ ಬೆನ್ನು ತಟ್ಟುವವನೂ ಅವನೇ. ಕಾನೂನಿನ ಪ್ರಕಾರ ಹೋರಿಗಳದ್ದು ಸಂಪ್ರದಾಯ, ಕೋಳಿಗಳದ್ದು ಕ್ರೌರ್ಯ. ಈ ವ್ಯತ್ಯಾಸವನ್ನು ಹೋರಿಗಳಿಗೆ ಯಾರಾದರೂ ತಿಳಿಸಿದ್ದರೋ ಇಲ್ಲವೋ.

ಕಚೇರಿಯಲ್ಲಿ ಕಟ್ಟಿಹಾಕಿದ್ದ ಹುಂಜ ಹೊತ್ತುಗೊತ್ತಿಲ್ಲದೆ ಕೂಗಿ ಮೇಲಧಿಕಾರಿಯ ಮಧ್ಯಾಹ್ನದ ನಿದ್ದೆ ಕೆಡಿಸಿತು. ಪ್ಯೋ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಬೆಟ್ಟದ ಬುಡದಲ್ಲಿ ಕೋಳಿ ಸಾರಿನ ಹೋಟೆಲಿಟ್ಟ, ಗಿರಾಕಿಗಳೆಲ್ಲ ಚಿಕ್ಕಮ್ಮ ಎಂದೇ ಕರೆಯುವ ಮಾಲ್ಸುನ್ ಬಳಿಗೆ ಹೋದ. ಅವಳ ಹಿತ್ತಿಲಲ್ಲಿ ಗೂಡಿತ್ತು.

"ಚಿಕ್ಕಮ್ಮ, ಇದನ್ನ ಸ್ವಲ್ಪ ದಿನ ಇಟ್ಕೊ. ಚೆನ್ನಾಗಿ ಮೇಯಿಸು. ಬೇರೆ ಯಾರಿಗೂ ಕೊಡ್ಬೇಡ."

"ನಂಗೆ ಹೇಳ್ಕೊಡ್ತೀರಾ ಸಾಹೇಬ್ರೆ? ಇದ್ರಲ್ಲೇ ಕೂದ್ಲು ನೆರೀತು."

ಬಿರುಬೇಸಿಗೆಯ ಮೂರು 'ಬೋಕ್' ದಿನಗಳಲ್ಲಿ ಕೋಳಿ ಸಾರು ಕುಡಿಯದಿದ್ದರೆ ಆ ನಾಡಿನಲ್ಲಿ ಮೈಗೆ ಕಸುವಿಲ್ಲ. ಆ ದಿನಕ್ಕೆಂದು ಹಳೇ ಗಿರಾಕಿಗಳು ಮೊದಲೇ ಕೋಳಿ ತಂದು ಕೊಬ್ಬಲು ಬಿಟ್ಟು ಹೋಗುವುದು ಮಾಲ್ಸುನ್ ಹೋಟೆಲಿನ ರೂಢಿ. ಪ್ಯೋ ತಲೆಯಲ್ಲಿ ಕಾನೂನಿನ ಕಲಮುಗಳು ಓಡುತ್ತಿದ್ದವು. ಪಂಚಾಂಗಕ್ಕೆ ಅಲ್ಲಿ ಜಾಗವಿರಲಿಲ್ಲ.

ನಡುವಿನ ಬೋಕ್ ದಿನ ಇಡೀ ಕಚೇರಿ ಅಲ್ಲಿ ಊಟಕ್ಕೆ ಸೇರಿತು. ಮೇಲಧಿಕಾರಿ ಪ್ಯೋನನ್ನು 'ಮೂಕಪ್ರಾಣಿಗಳ ಪಾಲಿನ ದೇವರು' ಎಂದು ಹೊಗಳಿ ಸೋಜು ಮದ್ಯದ ಬಟ್ಟಲು ಎತ್ತಿದರು. ದೇವರು ಎರಡು ಬಟ್ಟಲು ಸಾರು ಮುಗಿಸಿದ. ಮಾಂಸ ಮಾತ್ರ ಹಲ್ಲಿಗೆ ಬಗ್ಗಲಿಲ್ಲ.

"ಏನು ಚಿಕ್ಕಮ್ಮ, ಮುದಿ ಕೋಳಿ ಹಾಕ್ದೆಯಾ?"

"ನಾನ್ಯಾಕೆ ಹಾಕ್ಲಿ! ನಿಮ್ದೇ ಸಾಹೇಬ್ರೆ. ಪೈಲ್ವಾನ ನನ್ಮಗಂದು, ಬೆಳಗ್ಗೆಯಿಂದ ಬೇಯಿಸಿದ್ರೂ ಜಗ್ಗಲಿಲ್ಲ. ನೀವು ಹೇಳ್ದಂಗೇ ಬೇರೆ ಮೇಜಿಗೆ ಒಂದ್ ತುಂಡೂ ಕೊಟ್ಟಿಲ್ಲ."

ಪ್ಯೋ ಊಟದ ಕಡ್ಡಿಗಳನ್ನು ಕೆಳಗಿಟ್ಟ. ಗಂಟಲಲ್ಲಿ ಸಾಕ್ಷ್ಯ ಸಿಕ್ಕಿಕೊಂಡಿತ್ತು.

"ಕಾಲು? ಕಾಲೆಲ್ಲಿ?"

"ಗಾಯ ಆಗಿತ್ತಲ್ಲ, ದೊಡ್ಡವರಿಗೆ ಅದನ್ನ ಹೆಂಗಿಡೋದು? ನಾಯಿಗೆ ಹಾಕ್ದೆ."

ಮೇಲಧಿಕಾರಿ ತಮ್ಮ ಕೈಯಲ್ಲಿದ್ದ ತೊಡೆಯನ್ನು ಒಮ್ಮೆ ತಿರುಗಿಸಿ ನೋಡಿದರು. "ಇನ್ನು ಉಳ್ಸಿ ಏನ್ ಮಾಡೋದು ಬಿಡಪ್ಪ," ಎಂದು ಚೀಪಿ ಮುಗಿಸಿದರು.

ಮುಂದಿನ ಗುರುವಾರ ಮಾಂಗ್ ಖುಲಾಸೆಯಾದ.