ಮುದ್ರಾಂಕ ಶುಲ್ಕದ ರಸೀದಿ

ಅಣ್ಣನೂ ನಾನೂ ಸೇರಿ ಮನೆ ಕೊಂಡಾಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡನ್ನೂ ನಾನೇ ಕಟ್ಟಿದ್ದೆ. ಅದಕ್ಕೆ ತೆರಿಗೆ ವಿನಾಯಿತಿ ಉಂಟೆಂದು ಲೆಕ್ಕಪತ್ರದ ಸಂಜೆ ತರಗತಿಯಲ್ಲಿ ಕಲಿತ ನೆನಪು. ಆದರೂ ಧೈರ್ಯ ಸಾಲದೆ ಅಣ್ಣನನ್ನು ಕೇಳಿದೆ.

“ಅದೆಲ್ಲ ಸಿಗಲ್ಲ ಕಣೇ. ಸುಮ್ನೆ ಏನೋ ಬರ್ದು ನೋಟಿಸ್ ತರಿಸ್ಕೋಬೇಡ. ರಸೀದಿ ನನ್ ಹತ್ರಾನೇ ಇರ್ಲಿ.”

ನಾನೇ ತಪ್ಪು ಕಲಿತಿರಬೇಕು ಅಂದುಕೊಂಡೆ.

ಇಂದು ನನ್ನ ತೆರಿಗೆ ಲೆಕ್ಕ ಬರೆಸಲು ಹೋಗಿ ಆ ಶುಲ್ಕದ ಮಾತೆತ್ತಿದಾಗ, ನಮ್ಮಿಬ್ಬರ ತೆರಿಗೆ ಸಲಹೆಗಾರರು ಅಣ್ಣನ ಕಡತ ತೆರೆದು ನಕ್ಕರು. “ನಿಮ್ಮ ರಸೀದಿ ಆಗ್ಲೇ ಬಂದಿದೆಯಲ್ಲಮ್ಮಾ! ಪೂರ್ತಿ ವಿನಾಯಿತಿ ನಿಮ್ಮಣ್ಣನೇ ತಗೊಂಡಿದಾರೆ. ತಂಗಿಗೆ ಬೇಡ್ವಂತೆ ಅಂದ್ರು.”

ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: ‘ಅಣ್ಣನನ್ನು ಕೇಳಬೇಕು.’

“ರಬ್ಬರ್ ಇದೆಯಾ ಸಾರ್?” ಎಂದೆ. ಅಳಿಸಿದ ಮೇಲೆ ಹೇಳಿದೆ: “ಕಟ್ಟಿದ್ದು ನಾನು. ನನ್ನ ಹೆಸರಲ್ಲೇ ಬರೀರಿ.”