ಕಲ್ಲುಹಾಸಿನ ಮೇಲಿನ ಇಂಜಿನ್

"ಎತ್ತಬೇಡ್ರಯ್ಯಾ, ಮೊದಲು ಬೋಲ್ಟು ಬಿಚ್ಚಿ" ಎಂದು ಫ್ಲೈಯಿಂಗ್ ಕ್ಲಬ್ಬಿನ ಕ್ಯಾಪ್ಟನ್ ಮತ್ತೆ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲ್ವರು ಗಂಡಸರು ಅಂಗಿಯ ತೋಳು ಮಡಚಿ, ಮುಂಬಾಗಿಲಿಗೆ ಅಡ್ಡವಾಗಿದ್ದ ವಿಮಾನದ ಇಂಜಿನ್ನಿನ ಕಬ್ಬಿಣದ ಸ್ಟ್ಯಾಂಡಿಗೆ ಹೆಗಲು ಕೊಟ್ಟಿದ್ದರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಒಳಕೋಣೆಯಲ್ಲಿ ಅದರ ಯಜಮಾನ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಹಿತ್ತಲ ಬಾಗಿಲಿನಿಂದ ಸಾಗಿಸಲು ಬೆಳಗ್ಗೆಯೇ ನೋಡಿಯಾಗಿತ್ತು. ಖಾಲಿಯಿದ್ದಾಗ ನೆಟ್ಟಗೆ ನಿಲ್ಲಿಸಿ ಒಳಗೆ ತಂದಿದ್ದ ಪೆಟ್ಟಿಗೆ ಈಗ ಅಡುಗೆಮನೆಯ ತಿರುವಿನಲ್ಲಿ ಹೊರಳಲಿಲ್ಲ. ಮನುಷ್ಯ ಹೊರಡಬೇಕಾದರೆ ಮೊದಲು ಇಂಜಿನ್ ಹೊರಡಬೇಕಿತ್ತು.

ಅವನ ಹೆಂಡತಿ ಗೋಡೆಗೆ ಒರಗಿ ನೋಡುತ್ತಿದ್ದಳು. ರಾತ್ರಿಯೆಲ್ಲ ಅತ್ತಿದ್ದಳು, ಇನ್ನೂ ಅಳುವುದಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿದ್ದದ್ದು ಒಂದೇ ಮಾತು: ಇದು ಇವತ್ತು ಹೊರಗೆ ಹೋದರೆ ಮತ್ತೆ ಒಳಗೆ ಬರಕೂಡದು. ಗಂಡನ ಹೆಣ ಮನೆಯಲ್ಲಿರುವಾಗ ಇಂಥ ಯೋಚನೆ ಬಂತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ.

"ಅತ್ತಿಗೆ, ಸ್ಪ್ಯಾನರ್ ಎಲ್ಲಿದೆ?" ಬೇಕರಿ ನಡೆಸುವ ಮೈದುನ ಬೆವರು ಒರೆಸಿಕೊಂಡು ಕೇಳಿದ.

"ಬ್ರೆಡ್ಡಿನ ಡಬ್ಬದಲ್ಲಿ."

"ಅಲ್ಯಾಕೆ?"

"ಸ್ಪ್ಯಾನರ್ ಇಡೋ ಪೆಟ್ಟಿಗೆಯಲ್ಲಿ ವಾಲ್ವ್ ಇದಾವಲ್ಲ, ಅದಕ್ಕೆ."

ಯಾರೋ ನಗಲು ಹೋಗಿ ಕೆಮ್ಮಿದರು. ನರ್ಸ್ ಕೆಲಸದ ತಂಗಿ ಹತ್ತಿರ ಬಂದು ಪಿಸುಗುಟ್ಟಿದಳು, "ಅಕ್ಕ, ಹೊರಗೆ ಹೋದ್ಮೇಲೆ ಅಲ್ಲೇ ಇರ್ಲಿ ಅಂತ ಹೇಳ್ಬಿಡು."

"ಇವತ್ತಾ? ಕೇಳಿದೋರು ಏನಂದ್ಕೋತಾರೆ? ಗಂಡನ್ನ ಕಳಿಸೋ ಮೊದಲೇ ಅವನ ಸಾಮಾನು ಎಸೀತಾಳೆ ಅಂತಾರೆ."

ಬೋಲ್ಟುಗಳು ಕಿರುಗುಟ್ಟುತ್ತ ಸಡಿಲವಾದವು. ಇಂಜಿನ್ನನ್ನು ಹೊತ್ತು ಅಂಗಳದ ಹುಲ್ಲಿನ ಮೇಲೆ ಇಳಿಸಿದರು. ಅದರ ಹಿಂದೆಯೇ ಅವನೂ ಹೊರಟ.

*

ಅವನು ಬಸ್ ಡಿಪೋದ ಮೆಕ್ಯಾನಿಕ್. ಮದುವೆಯಾದ ಹೊಸತರಲ್ಲಿ ಗುಜರಿಯ ಬೆಲೆಗೆ ಒಂದು ಬಟ್ಟೆ ಹೊದಿಸಿದ ಪುಟ್ಟ ವಿಮಾನ ಸಿಕ್ಕಿತ್ತು. ಇಬ್ಬರು ಕೂರುವಂಥದ್ದು, ಅವರಿಬ್ಬರಿಗಿಂತಲೂ ಹಳೆಯದು. ಹಾರಲು ಕಲಿಸಿದ್ದು ಇದೇ ಕ್ಯಾಪ್ಟನ್. ಮೊದಲ ಸಲ ಹೆಂಡತಿಯನ್ನು ಕೂರಿಸಿಕೊಂಡು ಏರಿದ ದಿನ ಅವಳು ಮಗುವಿನಂತೆ ಕುಣಿದಿದ್ದಳು. ತಮ್ಮ ಮನೆಯ ಮಾಡು ಕಂಡಿತು, ಒಗೆದು ಹಾಕಿದ ಬಟ್ಟೆ ಕಂಡಿತು. ಎದುರಿಗೆ ಗುಡ್ಡ ಬಂದಾಗ ವಿಮಾನ ಏದುಸಿರು ಬಿಡುತ್ತ ಪಕ್ಕಕ್ಕೆ ತಿರುಗಿತು.

"ಗುಡ್ಡದ ಆಚೆ ಹೋಗಲ್ವಾ?" ಎಂದು ಅವಳು ಕೇಳಿದಳು. ಸುಮ್ಮನೆ ಕೇಳಿದ್ದು.

"ಇಬ್ಬರು ಕೂತ್ರೆ ಈ ಇಂಜಿನ್‌ಗೆ ಅಷ್ಟು ಏರೋಕಾಗಲ್ಲ ಕಣೇ. ನೋಡ್ತಿರು, ಸರಿ ಮಾಡ್ತೀನಿ."

ಮರುದಿನವೇ ಇಂಜಿನ್ ಇಳಿಸಿದ. ಅರವತ್ತೈದು ಅಶ್ವಶಕ್ತಿಯದು, ಅದನ್ನು ಎಂಬತ್ತೈದು ಮಾಡಬೇಕು. ಹೆಚ್ಚು ಒತ್ತುವ ಪಿಸ್ಟನ್ ಹಾಕಿದರೆ ಬಿಸಿ ಹೆಚ್ಚಿತು. ಬಿಸಿ ತಡೆಯಲು ದಪ್ಪ ಸಿಲಿಂಡರ್ ಹಾಕಿದರೆ ತೂಕ ಹೆಚ್ಚಿತು. ತೂಕ ಹೆಚ್ಚಿದರೆ ಅದನ್ನೆತ್ತಲು ಇನ್ನಷ್ಟು ಶಕ್ತಿ ಬೇಕು. ಮೂಗಿಗಿಂತ ಮೂಗುತಿ ಭಾರ ಎಂದು ಕ್ಲಬ್ಬಿನವರು ಕಿಚಾಯಿಸಿದರೆ ಅವನೂ ನಗುತ್ತಿದ್ದ. ಕ್ಲಬ್ಬಿನ ಶೆಡ್ಡಿನಲ್ಲಿ ತೇವ, ತುಕ್ಕು ಹಿಡಿಯುತ್ತದೆ ಎಂದು ಮನೆಗೆ ತಂದ. ಮನೆಯದು ಮರದ ನೆಲ. ಭಾರ ತಡೆಯುವುದು ಮುಂಬಾಗಿಲ ಒಳಗಿನ ಕಲ್ಲುಹಾಸು ಮಾತ್ರ. ಅಲ್ಲೇ ಬೋಲ್ಟು ಬಿಗಿದ.

ಅಂದಿನಿಂದ ಮುಂಬಾಗಿಲು ಮುಚ್ಚಿತು. ದೂಳು ಬಿದ್ದರೆ ಬೇರಿಂಗ್ ಕೆಡುತ್ತದೆಂದು ಕಿಟಕಿಗಳೂ ಮುಚ್ಚಿದವು. ಹಿತ್ತಲಿನಿಂದ ಬರಲು ಸಂಕೋಚಪಟ್ಟು ನೆಂಟರು ಬರುವುದು ಬಿಟ್ಟರು. ಅವಳ ಬಟ್ಟೆಗೆ, ಹಾಸಿಗೆಗೆ, ಕೊನೆಗೆ ಉಪ್ಪಿಗೂ ಪೆಟ್ರೋಲಿನ ವಾಸನೆ.

"ನಂಗೆ ಗುಡ್ಡ ಬೇಡ ಕಣ್ರೀ. ಈ ಕಡೆನೇ ಹಾರಾಡೋಣ."

"ನೀನು ಹಾಗೇ ಹೇಳ್ತೀಯ. ನಿನ್ನ ಆಸೆ ನಂಗೊತ್ತಿಲ್ವಾ?"

"ಬೇಕಾದ್ರೆ ಬಸ್ಸಿದೆಯಲ್ಲ."

ಬಸ್ಸಿತ್ತು. ತಂಗಿಯ ಮನೆ ಇದ್ದದ್ದೇ ಗುಡ್ಡದ ಆಚೆ. ಅವಳು ಎಷ್ಟೋ ಸಲ ಹೋಗಿ ಬಂದಿದ್ದಳು. ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ದುಡಿಮೆಯಲ್ಲಿ ಸೋಮಾರಿಯಲ್ಲ. ಇಂಥವನ ಮೇಲೆ ಯಾರ ಹತ್ತಿರ ಏನೆಂದು ದೂರುವುದು? ಅವಳಿಗೆ ಅವನ ಮೇಲೆ ಪ್ರೀತಿಯಿತ್ತು. ಉಸಿರು ಕಟ್ಟುತ್ತಿದ್ದದ್ದೂ ನಿಜ.

*

ಮಣ್ಣು ಹಾಕಿದ ಮೇಲೆ ಕ್ಯಾಪ್ಟನ್ ಟೋಪಿ ಕೈಯಲ್ಲಿ ಹಿಡಿದು ಎರಡು ಮಾತಾಡಿದರು.

"ಇವನು ಹೆಂಡತಿಗೆ ಗುಡ್ಡದಾಚೆ ತೋರಿಸ್ಬೇಕು ಅಂತ ಜೀವ ಸವೆಸಿದ. ಈಗ ನಾವು ಕೈ ಬಿಟ್ರೆ ಮನುಷ್ಯರಾ? ಇನ್ಮೇಲೆ ಪ್ರತಿ ಭಾನುವಾರ ನಾವು ಅವನ ಮನೆಗೆ ಹೋಗಿ ಕೆಲಸ ಮುಂದುವರಿಸ್ತೀವಿ. ಇಂಜಿನ್ ಅವನು ಇಟ್ಟ ಜಾಗದಲ್ಲೇ ಇರತ್ತೆ."

ಎಲ್ಲರ ಕಣ್ಣೂ ಒದ್ದೆಯಾದವು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕ್ಯಾಪ್ಟನ್, ನಂಗೆ ಅದು..."

"ನೀನೇನೂ ಹೇಳ್ಬೇಡಮ್ಮ. ನಮಗೆ ತೊಂದರೆ ಅಂತ ಸಂಕೋಚ ಪಟ್ಕೋಬೇಡ."

"ಹಾಗಲ್ಲ. ಶೆಡ್ಡಲ್ಲೇ ಇಟ್ಕೊಂಡ್ರೆ ನಿಮಗೇ ಅನುಕೂಲ."

"ತೇವ ಅತ್ತಿಗೆ, ತುಕ್ಕು ಹಿಡಿಯುತ್ತೆ" ಎಂದ ಮೈದುನ. ಥೇಟ್ ಅಣ್ಣನದೇ ದನಿ. "ನೀವು ಚಿಂತೆ ಬಿಡಿ. ಮೊದಲು ಹೇಗಿತ್ತೋ ಹಾಗೇ ಕೂರಿಸಿಕೊಡ್ತೀವಿ."

ಒಳ್ಳೆಯವರು. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅವರ ಜೊತೆ ಜಗಳವಾಡಬಹುದಿತ್ತು.

ಹಿಂತಿರುಗುವಾಗ ಗಂಡಸರು ಬೇರಿಂಗಿನ ಮಾತಿಗೆ ಬಿದ್ದಿದ್ದರು. ಮೈದುನನ ನಡಿಗೆಯಲ್ಲಿ ಆಗಲೇ ಹುರುಪು ಬಂದಿತ್ತು. ಬೇಕರಿಗೆ ಭಾನುವಾರ ರಜೆ ಕೊಟ್ಟರೆ ನಷ್ಟವೇನಿಲ್ಲ ಎನ್ನುತ್ತಿದ್ದ. ಅವಳು ತಂಗಿಯ ಕೈ ಬಿಡಿಸಿಕೊಂಡು ಸರಸರನೆ ಮುಂದೆ ನಡೆದಳು.

"ಅಕ್ಕ, ನಿಧಾನ."

ಅವಳು ನಿಲ್ಲಲಿಲ್ಲ. ಅಂಗಳದಲ್ಲಿದ್ದ ಇಂಜಿನ್ನಿನ ಕಡೆ ತಿರುಗಿಯೂ ನೋಡದೆ ಮುಂಬಾಗಿಲಿನಿಂದ ಒಳಗೆ ಹೋದಳು. ಸಂಜೆಯ ಬಿಸಿಲು ನೇರ ಒಳಕೋಣೆಯವರೆಗೂ ಬಿದ್ದಿತ್ತು. ಕಲ್ಲುಹಾಸಿನ ಮೇಲೆ ಎಣ್ಣೆಯ ಕಲೆ, ಅದರ ಸುತ್ತ ನಾಲ್ಕು ತೂತು. ಗಾಳಿ ಆಡುತ್ತಿತ್ತು.

ಹೊರಗೆ ಗಂಡಸರು ಸ್ಟ್ಯಾಂಡ್ ಎತ್ತುವ ಸದ್ದಾಯಿತು. "ಹುಷಾರು, ಎಡಗಡೆ ತಗ್ಗಿಸಿ" ಎನ್ನುತ್ತಿದ್ದರು ಕ್ಯಾಪ್ಟನ್.

ಅವಳು ಅಡುಗೆಮನೆಯಿಂದ ಕುರ್ಚಿ ಎಳೆದುತಂದಳು. ನಾಲ್ಕು ತೂತುಗಳ ನಡುವೆ ಇಟ್ಟು, ಬಾಗಿಲಿಗೆ ಮುಖ ಮಾಡಿ ಕುಳಿತಳು.

ನಾಲ್ವರೂ ಇಂಜಿನ್ ಹೊತ್ತು ಮೆಟ್ಟಿಲೇರಿ ಬಂದು ಹೊಸಿಲಲ್ಲಿ ನಿಂತರು. ಅಂದೇ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸನ್ನು ಏಳು ಎನ್ನುವುದು ಹೇಗೆ? ಅವರ ತೋಳಿನ ನರಗಳು ಉಬ್ಬಿದವು.

"ಅತ್ತಿಗೆ" ಎಂದ ಮೈದುನ ಕೊನೆಗೆ, ಹಲ್ಲು ಕಚ್ಚಿಕೊಂಡು. "ಒಂಚೂರು ಸರೀತೀರಾ? ಭಾರ ಇದೆ."

"ಗೊತ್ತಪ್ಪ" ಎಂದಳು ಅವಳು.

ಹಾಗೆಂದು, ಕುಳಿತಲ್ಲಿಂದಲೇ ಕುರ್ಚಿಯನ್ನು ಬಾಗಿಲ ಕಡೆಗೆ ಇನ್ನೊಂದಿಷ್ಟು ಎಳೆದುಕೊಂಡಳು.