ಹಾಲಿನ ಹಾಡು

ನಮ್ಮ ಶಿವನಿಯ ಸುತ್ತಮುತ್ತ ಧಾರೆಗೆ ಹಾಲೆರೆಯುವ ಹೊತ್ತಿಗೆ ಮೈಕಿನಲ್ಲಿ ನನ್ನ ಹಾಡು ಇರಲೇಬೇಕು. ಹಳೆಯ ಹಿಂದಿ ಪಿಕ್ಚರಿನದು. ಆಗ ಅದರ ಹಾಡುಗಳೆಲ್ಲ ಎಲ್ಲರ ಬಾಯಲ್ಲಿದ್ದವು. ಅಜ್ಜಂಪುರದ ಟೆಂಟಿನಲ್ಲಿ ಅದನ್ನು ಹನ್ನೊಂದು ಸಲ ನೋಡಿ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡವನು ಈ ಕೆಂಚಪ್ಪ. ಹಿಂದಿ ನನಗೆ ಒಂದಕ್ಷರ ಬಾರದು. ಪರದೆಯ ಮೇಲೆ ಮದುಮಗಳು ಕೂತಿದ್ದಳು, ಚಪ್ಪರದ ಆಚೆ ನಿಂತವನು ‘ಹಾಲ್, ಹಾಲ್’ ಎಂದು ಹಾಡುತ್ತಿದ್ದ. ಅವನೂ ನನ್ನ ಹಾಗೆ ಕರೆಸಿದ ಹಾಡುಗಾರ, ಹಾಲೆರೆಯಿರಿ ಅನ್ನುತ್ತಿದ್ದಾನೆ ಎಂದುಕೊಂಡೆ. ನಲವತ್ತು ವರ್ಷ ಹಾಡಿದೆ. ಹಿಂದಿ ಮೇಷ್ಟ್ರುಗಳು ಉಂಡು ಹೋದರೇ ಹೊರತು ಒಬ್ಬರೂ ತುಟಿ ಬಿಚ್ಚಲಿಲ್ಲ. ಈಗ ಗಂಟಲೂ ಸೋತಿದೆ, ಮಂಡಿಯೂ ಸೋತಿದೆ. ಮಿಕ್ಕ ಹಾಡುಗಳನ್ನೆಲ್ಲ ಬಿಟ್ಟೆ, ಇದೊಂದನ್ನು ಬಿಡಲು ಜನ ಬಿಡಲಿಲ್ಲ.

ಚಿಕ್ಕ ಮಗಳು ಸ್ಫೂರ್ತಿಯ ಮದುವೆಗೆ ನಾಲ್ಕು ದಿನವಿರುವಾಗ ಲಿಂಗದಹಳ್ಳಿಯಿಂದ ಬೀಗರ ಕಡೆಯ ಮಹೇಂದ್ರ ಬಂದರು. ಮಿಲಿಟರಿಯಲ್ಲಿದ್ದು ನಿವೃತ್ತರಾದವರು, ಹಿಂದಿ ಎಂದರೆ ನೀರು ಕುಡಿದಷ್ಟು ಸಲೀಸು. ಟೀ ಕುಡಿಯುತ್ತಲೇ ಆ ಹಾಡು ಬೇಡ ಎಂದರು. ಹಾಲ್ ಎಂದರೆ ಹಾಲಲ್ಲವಂತೆ, ಸ್ಥಿತಿಯಂತೆ. ಹುಡುಗಿಯನ್ನು ಬಲವಂತವಾಗಿ ಇನ್ನೊಬ್ಬನಿಗೆ ಕಟ್ಟುತ್ತಿದ್ದಾರೆ, ಅವಳನ್ನು ಮೆಚ್ಚಿದವನು ಹೊರಗೆ ನಿಂತು ನಿನ್ನ ಮನಸ್ಸಿನ ಹಾಲ್ ಏನು ಎಂದು ಕೇಳುತ್ತಿದ್ದಾನಂತೆ. ಶುಭಕಾರ್ಯದಲ್ಲಿ ಅಪಶಕುನ ಎಂದು ಲೋಟ ಕೆಳಗಿಟ್ಟರು.

ಮರ್ಯಾದೆ ಮೂರಾಬಟ್ಟೆಯಾಯಿತು. ಅದಕ್ಕಿಂತ ಹೆದರಿಕೆ ಹೆಚ್ಚಾಯಿತು. ಹನ್ನೆರಡು ವರ್ಷದ ಹಿಂದೆ ದೊಡ್ಡ ಮಗಳು ಭವ್ಯಳ ಧಾರೆಗೂ ಅದನ್ನೇ ಹಾಡಿದ್ದೆ. ಅವಳು ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾಗಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳ ಹತ್ತಿರ ಹೋಗಿ, ನನ್ನ ಹಾಡೇ ನಿನ್ನ ಬಾಳು ಕೆಡಿಸಿತೇನೋ, ಸ್ಫೂರ್ತಿಗೆ ಹಾಡಲೋ ಬೇಡವೋ ಎಂದು ಕೇಳಿದೆ. ಅದರ ಅರ್ಥ ತನಗೆ ಎಂಟನೇ ಕ್ಲಾಸಿನ ಹಿಂದಿಯಲ್ಲೇ ತಿಳಿದಿತ್ತು ಎಂದಳು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ರೇಗಿದೆ.

“ಯಾಕ್ ಹೇಳ್ಲಿ? ಆವತ್ತು ನಂಗೆ ಒಪ್ಗೆ ಇರ್ಲಿಲ್ಲ. ನೀನೂ ಕೇಳ್ಲಿಲ್ಲ, ಅವ್ವನೂ ಕೇಳ್ಲಿಲ್ಲ. ನಿನ್ ಮನ್ಸು ಹೆಂಗೈತೆ ಅಂತ ಕೇಳಿದ್ದು ಆ ಹಾಡೊಂದೇ ಕಣಪ್ಪ.” ಸೀರೆ ಹಿಂಡಿ ತಂತಿಗೆ ಹಾಕಿದಳು. “ಸ್ಫೂರ್ತಿ ಮೆಚ್ಚಿ ಮಾಡ್ಕಂತಿರೋದು. ಹಾಡು, ಅವ್ಳಿಗೇನೂ ಆಗಲ್ಲ.”

ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ತರೀಕೆರೆಯ ಛತ್ರದಲ್ಲಿ ಮೈಕ್ ಹಿಡಿದೆ. ಮಹೇಂದ್ರ ಮುಖ ಗಂಟು ಹಾಕಿಕೊಂಡರು, ಹಾಕಿಕೊಳ್ಳಲಿ. ಹಾಲೆರೆಯುವವರ ಸಾಲು ನನ್ನ ಪಕ್ಕದಿಂದಲೇ ಮಂಟಪ ಹತ್ತುತ್ತಿತ್ತು. ಭವ್ಯ ಚೊಂಬು ಹಿಡಿದು ಹತ್ತಿರ ಬರುವಾಗಲೇ ಹಾಡಿನಲ್ಲಿ ಆ ‘ಹಾಲ್’ ಎಂಬ ಮಾತು ಬಂತು. ಅದನ್ನು ನುಡಿಯಲು ನನ್ನಿಂದಾಗಲಿಲ್ಲ. ಮೈಕನ್ನು ಪಂಚೆಗೆ ಒತ್ತಿ ಹಿಡಿದು, ಹೆಂಗಿದೀಯಮ್ಮ ಎಂದೆ.

ಅವಳು ನಿಂತಳು. ಹಿಂದಿದ್ದವರೂ ನಿಂತರು. ಅವಳ ಕೈಯ ಹಾಲು ಸ್ವಲ್ಪ ತುಳುಕಿತು.

“ಎಲ್ರೂ ಕಾಯ್ತಾವ್ರೆ ಕಣಪ್ಪ,” ಎಂದಳು. “ಹಾಡು.”